ಕಾಲು ಗಂಟೆಯ ನಡಿಗೆಗೆ ತಕ್ಕ ಉದ್ಯಾನ ಬೇಕು: ಉಪನಗರದ ಉದ್ಯಾನ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉದ್ಯಾನ ಅಧಿಕಾರಿಗಳಿಗೆ ಹಾಗೂ ಮುಂಬಯಿಯ ಪೂರ್ವ ಉಪನಗರಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ,

ಸಾದರ ನಮಸ್ಕಾರಗಳು.

ನಮ್ಮ ಬಡಾವಣೆಯ ಉದ್ಯಾನದ ಬಾಗಿಲಲ್ಲಿ ಒಂದು ಫಲಕ ನಿಂತಿದೆ. ಮಳೆಗಾಲ ಮುಗಿದ ಕೂಡಲೇ ‘ಸುಶೋಭೀಕರಣ’ದ ಕಾಮಗಾರಿ ಆರಂಭವಾಗುವುದೆಂದೂ ಕಾರಂಜಿ, ಬಣ್ಣದ ದೀಪಗಳು, ಸೆಲ್ಫಿ ಪಾಯಿಂಟ್ ಮತ್ತು ಹೊಸ ಪೇವರ್ ಬ್ಲಾಕಿನ ವಾಕಿಂಗ್ ಟ್ರ್ಯಾಕ್ ಬರಲಿವೆಯೆಂದೂ ಅದರಲ್ಲಿ ಬರೆದಿದೆ. ಈ ಕುರಿತು ಮರಾಠಿಯಲ್ಲಿ ಬರೆದ ಮನವಿಯನ್ನು ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದಿದ್ದೇನೆ. ಅದೇ ವಿಷಯವನ್ನು ಇಲ್ಲಿ ಕನ್ನಡದಲ್ಲಿ ಇನ್ನಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಈ ಉದ್ಯಾನದಲ್ಲಿ ಬೆಳಗು ಸಂಜೆ ಓಡಾಡುವ ಹಿರಿಯರಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಕಾಮಗಾರಿಯ ಬಗ್ಗೆ ಸಲಹೆ ಬರೆದುಕೊಡುವವರಲ್ಲಿ ಮಾತ್ರ ನಮ್ಮವರು ಕಡಿಮೆ.

ನಾನು ಫಿಸಿಯೋಥೆರಪಿಸ್ಟ್. ಮೊಣಕಾಲಿನ ಕೀಲು ಬದಲಾಯಿಸಿಕೊಂಡವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು, ಸಕ್ಕರೆ ಕಾಯಿಲೆಯವರು, ಹೃದಯದ ಶಸ್ತ್ರಚಿಕಿತ್ಸೆಯಾದವರು, ಪಾರ್ಕಿನ್ಸನ್ ಕಾಯಿಲೆಯಿಂದ ಹೆಜ್ಜೆ ಸಣ್ಣದಾದವರು ನನ್ನ ಬಳಿಗೆ ಬರುತ್ತಾರೆ. ಬರಲಾಗದವರ ಮನೆಗೆ ನಾನೇ ಹೋಗುತ್ತೇನೆ. ವ್ಯಾಯಾಮ ಒಬ್ಬೊಬ್ಬರಿಗೆ ಒಂದೊಂದು ಬಗೆಯದಾದರೂ, ಒಂದು ಹಂತದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಹೇಳುವ ಮಾತು ಒಂದೇ: ದಿನವೂ ಒಂದಿಷ್ಟು ನಡೆಯಿರಿ, ಮೊದಲು ಐದು ನಿಮಿಷ, ಒಗ್ಗಿದ ಮೇಲೆ ಹತ್ತು, ಆಮೇಲೆ ಹದಿನೈದು. ಇದನ್ನು ಕೇಳಿದ ಮನೆಯವರು ತಿರುಗಿ ಕೇಳುವ ಪ್ರಶ್ನೆಯೂ ಒಂದೇ. ಎಲ್ಲಿ ನಡೆಸುವುದು? ರಸ್ತೆಯ ಅಂಚಿನಲ್ಲಿ ಸ್ಕೂಟರುಗಳ ಸಾಲು, ಫುಟ್‌ಪಾತಿನಲ್ಲಿ ಅಂಗಡಿಗಳ ಮುಂಗಟ್ಟು, ಎಲ್ಲೆಡೆ ಅಗೆದ ಕೇಬಲ್ ಗುಂಡಿ. ಉಳಿಯುವುದು ಉದ್ಯಾನ ಮಾತ್ರ.

ಆದ್ದರಿಂದ ನನ್ನ ಬೇಡಿಕೆಯ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಕಾಮಗಾರಿಯ ನಕ್ಷೆಯನ್ನು ಅಂತಿಮಗೊಳಿಸುವ ಮುನ್ನ ಒಂದೇ ಒಂದು ಪರೀಕ್ಷೆಗೆ ಅದನ್ನು ಒಡ್ಡಬೇಕು. ನಮ್ಮ ಬಡಾವಣೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವ ವ್ಯಕ್ತಿ, ದಿನದ ಯಾವ ಹೊತ್ತಿನಲ್ಲಾದರೂ, ಯಾರ ಕೈಯನ್ನೂ ಹಿಡಿಯದೆ, ಈ ಉದ್ಯಾನದೊಳಗೆ ಬಂದು ಕಾಲು ಗಂಟೆ ನಡೆದು ನಡುವೆ ಕುಳಿತು ಎದ್ದು ಮನೆಗೆ ಮರಳಬಲ್ಲರೇ? ಬಲ್ಲರು ಎನ್ನುವುದಾದರೆ ಕಾರಂಜಿಯೂ ಇರಲಿ, ದೀಪಗಳೂ ಇರಲಿ, ನನ್ನ ತಕರಾರಿಲ್ಲ. ಇಲ್ಲ ಎನ್ನುವುದಾದರೆ ಮೊದಲ ಹಣ ಅಲ್ಲಿಗೆ ಹೋಗಬೇಕು.

ಸಣ್ಣ ನಡಿಗೆಯಿಂದ ಏನಾದೀತು ಎಂಬ ಅನುಮಾನ ವಿದ್ಯಾವಂತರಲ್ಲೂ ಇದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗದಿದ್ದರೆ ನಡೆದದ್ದು ವ್ಯರ್ಥವೆಂದು ಮೊಬೈಲು ನೋಡಿ ಕೊರಗುವವರನ್ನು ಕಂಡಿದ್ದೇನೆ. ಆ ಹತ್ತು ಸಾವಿರದ ಲೆಕ್ಕ 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಉಪಕರಣವೊಂದರ ಮಾರಾಟದೊಂದಿಗೆ ಹರಡಿದ್ದೇ ಹೊರತು ವೈದ್ಯಕೀಯ ಸಂಶೋಧನೆಯಿಂದ ಹುಟ್ಟಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸುತ್ತದೆ. ಅಷ್ಟು ಆಗದವರಿಗೆ ಆದಷ್ಟೂ ಒಳ್ಳೆಯದೇ ಎಂದು ಅದೇ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮೆಲ್ಲಗೆ ನಡೆದರೂ ರಕ್ತದಲ್ಲಿ ಸಕ್ಕರೆ ಏರುವ ಪ್ರಮಾಣ ತಗ್ಗುತ್ತದೆ, ಏಕೆಂದರೆ ದುಡಿಯುತ್ತಿರುವ ಸ್ನಾಯು ರಕ್ತದಿಂದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಅನ್ನವೇ ಮುಖ್ಯ ಆಹಾರವಾಗಿರುವ ನಮ್ಮ ಮನೆಗಳಿಗೆ ಇದು ಚಿಕ್ಕ ಮಾತಲ್ಲ.

ಇನ್ನೊಂದು ಬದಲಾವಣೆಯನ್ನೂ ಅಧಿಕಾರಿಗಳು ಗಮನಕ್ಕೆ ತಂದುಕೊಳ್ಳಬೇಕು. ಹಳೆಯ ಚಾಳುಗಳೆಂಬ ವಠಾರಗಳಲ್ಲಿ, ಮೂರು ನಾಲ್ಕು ಮಹಡಿಯ ವಸತಿ ಸೊಸೈಟಿಗಳಲ್ಲಿ ಕಟ್ಟಡದ ಸುತ್ತ ಒಂದಿಷ್ಟು ಅಂಗಳವಿರುತ್ತಿತ್ತು. ರಾತ್ರಿ ಊಟ ಮುಗಿಸಿದ ಹಿರಿಯರು ಅಲ್ಲೇ ನಾಲ್ಕು ಸುತ್ತು ಹಾಕಿ, ಬಾಗಿಲ ಬಳಿ ನಿಂತು ಊರಿನ ಸುದ್ದಿ ಮಾತಾಡಿ ಮೇಲೆ ಹತ್ತುತ್ತಿದ್ದರು. ಪುನರಭಿವೃದ್ಧಿಯಾದ ಕಡೆಯಲ್ಲೆಲ್ಲ ಆ ಅಂಗಳದ ಜಾಗದಲ್ಲಿ ಕಾರುಗಳ ಪಾರ್ಕಿಂಗ್ ಬಂದಿದೆ. ವಾಹನ ಹತ್ತುವ ಇಳಿಜಾರಿನಲ್ಲಿ ಮುದುಕರು ನಡೆಯುವಂತಿಲ್ಲ. ಹೀಗೆ ಹತ್ತಾರು ಅಂಗಳಗಳು ಹೊತ್ತಿದ್ದ ಭಾರ ಈಗ ಒಂದು ಉದ್ಯಾನದ ಮೇಲೆ ಬಿದ್ದಿದೆ. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಬೇಕೆನ್ನುತ್ತದೆ. ಮುಂಬಯಿಯಲ್ಲಿ ಜನರ ಬಳಕೆಗೆ ಸಿಗುವುದು ತಲೆಗೆ ಎರಡು ಚದರ ಮೀಟರೂ ಇಲ್ಲವೆಂಬುದು ಈ ನಗರದ ಯೋಜನೆಯ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಇಷ್ಟು ಕಡಿಮೆ ಇರುವಲ್ಲಿ ಇರುವುದನ್ನು ಯಾರಿಗಾಗಿ ಹೇಗೆ ಇಟ್ಟುಕೊಳ್ಳುತ್ತೇವೆ ಎಂಬುದು ಇನ್ನೂ ಮುಖ್ಯವಾಗುತ್ತದೆ.

ಈಗ ಹಾದಿಯ ವಿಷಯಕ್ಕೆ ಬರುತ್ತೇನೆ. ನನಗೆ ಅತಿ ಹೆಚ್ಚು ಕಾಳಜಿಯಿರುವುದು ಅದರಲ್ಲಿಯೇ. ಆರೋಗ್ಯವಂತರು ನಡೆಯುವಾಗಲೂ ಮುಂದಕ್ಕೆ ತೂಗುವ ಪಾದದ ಬೆರಳು ನೆಲದಿಂದ ಒಂದೆರಡು ಸೆಂಟಿಮೀಟರಿನಷ್ಟೇ ಮೇಲಿರುತ್ತದೆ. ಪಾರ್ಶ್ವವಾಯುವಾದವರಲ್ಲಿ ಪಾದದ ತುದಿ ಅಷ್ಟೂ ಏಳುವುದಿಲ್ಲ, ಪಾರ್ಕಿನ್ಸನ್ ಇರುವವರು ಪಾದವನ್ನು ಎಳೆದುಕೊಂಡೇ ನಡೆಯುತ್ತಾರೆ, ವಯಸ್ಸಾದವರಿಗೆ ಎಡವಿದ ಮೇಲೆ ಸಾವರಿಸಿಕೊಳ್ಳುವಷ್ಟು ಚುರುಕು ಇರುವುದಿಲ್ಲ. ಹೀಗಿರುವಾಗ ಅರ್ಧ ಅಂಗುಲ ಮೇಲೆದ್ದ ಒಂದು ಕಲ್ಲಿನ ಅಂಚು ಸೊಂಟದ ಮೂಳೆ ಮುರಿಯಲು ಸಾಕು. ಪೇವರ್ ಬ್ಲಾಕನ್ನು ಮರಳಿನ ಹಾಸಿನ ಮೇಲೆ ಜೋಡಿಸುತ್ತಾರೆ. ಮೊದಲ ವರ್ಷ ಅದು ನೋಡಲು ಅಚ್ಚುಕಟ್ಟಾಗಿರುತ್ತದೆ. ಒಂದೆರಡು ಮುಂಬಯಿ ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಮರಳು ಕೊಚ್ಚಿಹೋಗಿ ಒಂದು ಕಡೆ ಕುಸಿಯುತ್ತದೆ, ಮರದ ಬೇರು ದಪ್ಪವಾಗಿ ಇನ್ನೊಂದು ಕಡೆ ಮೇಲೇಳುತ್ತದೆ, ನೆರಳಿರುವಲ್ಲೆಲ್ಲ ಹಸಿರು ಪಾಚಿ ಕಟ್ಟುತ್ತದೆ. ನಮ್ಮ ಉದ್ಯಾನದ ಈಗಿನ ಹಾದಿಯಲ್ಲಿ, ಮಕ್ಕಳ ಜಾರುಬಂಡೆ ದಾಟಿ ಬಲಕ್ಕೆ ತಿರುಗುವಲ್ಲಿ, ನಾಲ್ಕೈದು ಬ್ಲಾಕುಗಳು ಹೀಗೆ ಎದ್ದು ನಿಂತಿವೆ. ಗೊತ್ತಿರುವ ಹಿರಿಯರು ಅಲ್ಲಿಗೆ ಬಂದೊಡನೆ ಮಾತು ನಿಲ್ಲಿಸಿ, ಕಣ್ಣು ನೆಲಕ್ಕೆ ನೆಟ್ಟು, ಹುಲ್ಲಿನ ಅಂಚಿಗೆ ಸರಿದು ದಾಟುತ್ತಾರೆ. ಗೊತ್ತಿಲ್ಲದವರು ಎಡವುತ್ತಾರೆ.

ಮೊಣಕಾಲು ನೋವಿನವರು ನನ್ನಲ್ಲಿ ಮತ್ತೆ ಮತ್ತೆ ಹೇಳುವುದು ಮಣ್ಣಿನ ಹಾದಿಯ ಸುಖವನ್ನು. ಗಟ್ಟಿಯಾಗಿ ಕುಟ್ಟಿದ ಮುರುಮ್ ಮಣ್ಣು, ಊರ ಕಡೆ ಕೆಲವರು ಗರಸು ಎನ್ನುವಂಥದ್ದು, ಕಾಲಿಗೆ ಹಿತವಾಗಿರುತ್ತದೆ. ಮಳೆಗಾಲದಲ್ಲಿ ಅದು ಕೆಸರಾಗುತ್ತದೆಯೆಂಬುದು ಎಂಜಿನಿಯರುಗಳ ಆಕ್ಷೇಪ. ಆ ಆಕ್ಷೇಪದಲ್ಲಿ ಸತ್ಯವೂ ಇದೆ. ಆದರೆ ಕೆಸರಿಗೆ ಕಾರಣ ಮಣ್ಣಿನಷ್ಟೇ ಅದನ್ನು ಹಾಕುವ ರೀತಿಯೂ ಹೌದು. ಕೆಳಗೆ ಜಲ್ಲಿಯ ಪದರ, ಮೇಲೆ ರೋಲರಿನಿಂದ ಒತ್ತಿದ ಮುರುಮ್, ನಡು ಸ್ವಲ್ಪ ಉಬ್ಬಿ ಎರಡೂ ಬದಿಗೆ ನೀರು ಇಳಿಯುವಂತೆ ಓರೆ, ಅಂಚಿನಲ್ಲಿ ಆಳವಿಲ್ಲದ ಕಾಲುವೆ, ವರ್ಷಕ್ಕೊಮ್ಮೆ ಮಳೆ ನಿಂತ ಮೇಲೆ ಹೊಸ ಮಣ್ಣಿನ ಹೊದಿಕೆ, ಇಷ್ಟಿದ್ದರೆ ಆ ಹಾದಿ ಬಾಳುತ್ತದೆ. ಇದಕ್ಕೆ ಬೇಕಾದದ್ದು ಪ್ರತಿವರ್ಷದ ಸಣ್ಣ ನಿರ್ವಹಣೆ. ನಮ್ಮ ವ್ಯವಸ್ಥೆಗೆ ಐದು ವರ್ಷಕ್ಕೊಮ್ಮೆ ದೊಡ್ಡ ಟೆಂಡರು ಕರೆಯುವುದು ಸುಲಭವಾಗಿ, ವರ್ಷವರ್ಷ ನಾಲ್ಕು ಬುಟ್ಟಿ ಮಣ್ಣು ಹಾಕಿಸುವುದು ಕಷ್ಟವಾಗಿದೆ ಎಂಬುದೇ ನನಗೆ ದುಃಖದ ಸಂಗತಿ.

ಹಾಗೆಂದು ಎಲ್ಲವೂ ಮಣ್ಣೇ ಆಗಬೇಕೆಂದು ನಾನು ವಾದಿಸಲಾರೆ. ಗಾಲಿಕುರ್ಚಿಯಲ್ಲಿ ಬರುವವರಿಗೆ, ವಾಕರ್ ಹಿಡಿದು ನಡೆಯುವವರಿಗೆ ಗಟ್ಟಿಯಾದ ಸಮತಟ್ಟು ನೆಲವೇ ಬೇಕು. ಗಾಲಿಕುರ್ಚಿ ಸುತ್ತು ತಿರುಗಲು ಒಂದೂವರೆ ಮೀಟರ್ ಜಾಗ ಬೇಕಾಗುತ್ತದೆ. ಬಾಗಿಲಿನಿಂದ ಹೊರಟು ಮೊದಲ ಮರದ ನೆರಳಿನವರೆಗೆ, ಅಲ್ಲಿಂದ ಸುತ್ತಿ ಮತ್ತೆ ಬಾಗಿಲಿಗೆ ಸೇರುವಂತೆ ಅಷ್ಟು ಅಗಲದ ಒಂದು ಗಟ್ಟಿ ಹಾದಿ ಸಾಕು, ಜೋಡುಗಳಿಲ್ಲದ, ಜಾರದ, ಹೊಳಪಿಲ್ಲದ ಹಾದಿ. ಉಳಿದ ಸುತ್ತು ಮಣ್ಣಾಗಿರಲಿ. ಬಾಗಿಲಲ್ಲಿ ಸ್ಕೂಟರುಗಳನ್ನು ತಡೆಯಲು ನೆಟ್ಟಿರುವ ಕಬ್ಬಿಣದ ಕಂಬಗಳು ಗಾಲಿಕುರ್ಚಿಯನ್ನೂ ತಡೆಯುತ್ತಿವೆ. ಎರಡು ಕಂಬಗಳ ನಡುವೆ ತೊಂಬತ್ತು ಸೆಂಟಿಮೀಟರ್ ಬಿಟ್ಟರೆ ಕುರ್ಚಿ ಒಳಗೆ ಬರುತ್ತದೆ. ಮೂರು ಮೆಟ್ಟಿಲಿರುವ ಹಿಂಬಾಗಿಲಿಗೆ ಒಂದಕ್ಕೆ ಹನ್ನೆರಡರ ಓರೆಯ, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಇದು ದಯೆಯ ಪ್ರಶ್ನೆಯಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು ವಿಧಿಸಿದೆ.

ಹಾದಿಯ ಜೊತೆಗೇ ಮರಗಳ ಮಾತು. ನಮ್ಮ ಉದ್ಯಾನದ ಅರ್ಧಕ್ಕೆ ನೆರಳು ಕೊಡುತ್ತಿರುವುದು ಹಳೆಯ ಮಳೆಮರಗಳು. ಪೂರ್ವ ಉಪನಗರಗಳಲ್ಲಿ ಇಂಥ ಅನೇಕ ಮಳೆಮರಗಳು ಹಿಟ್ಟು ತಿಗಣೆಯ ಬಾಧೆಗೆ ಸಿಕ್ಕಿ ಒಣಗಿ ಹೋದುದನ್ನು ಇಲ್ಲಿಯ ಹಳಬರೆಲ್ಲ ಕಂಡಿದ್ದೇವೆ. ಬುಡದವರೆಗೂ ಕಾಂಕ್ರೀಟ್ ಹಾಕಿದಾಗ ಬೇರಿಗೆ ನೀರೂ ಗಾಳಿಯೂ ಇಲ್ಲದೆ ಮರ ಸೊರಗುತ್ತದೆ, ಸೊರಗಿದ ಮರಕ್ಕೆ ಕೀಟ ಬೇಗ ತಗಲುತ್ತದೆ, ಬೇರು ಹಿಡಿತ ಕಳೆದುಕೊಂಡ ಮರ ಜೂನ್ ತಿಂಗಳ ಮೊದಲ ಬಿರುಗಾಳಿಗೆ ಉರುಳುತ್ತದೆ. ಮರದ ಬುಡದಿಂದ ಒಂದು ಮೀಟರಿನೊಳಗೆ ಕಾಂಕ್ರೀಟ್ ಇರಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2013ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಆದೇಶಿಸಿತ್ತು. ಮಹಾರಾಷ್ಟ್ರಕ್ಕೂ 1975ರಷ್ಟು ಹಿಂದೆಯೇ ನಗರ ಪ್ರದೇಶದ ಮರಗಳ ರಕ್ಷಣೆಗೆ ಪ್ರತ್ಯೇಕ ಕಾಯ್ದೆ ಇದೆ. ಫಲಕದ ಮೇಲಿರುವ ಚಿತ್ರದಲ್ಲಿ ಪ್ರತಿ ಮರದ ಸುತ್ತಲೂ ಟೈಲ್ಸ್ ಹಾಕಿದ ದುಂಡು ಕಟ್ಟೆ ಕಾಣಿಸುತ್ತಿದೆ. ಕಟ್ಟೆ ಬೇಡವೆನ್ನುವುದಿಲ್ಲ, ಕಟ್ಟೆ ನಮ್ಮವರ ನೆಚ್ಚಿನ ಜಾಗ. ಅದು ಬುಡದಿಂದ ದೂರ ಸರಿದು ನಡುವೆ ಮಣ್ಣು ಬಯಲಾಗಿರಲಿ. ನೆಲ ನೀರು ಕುಡಿಯುವಂತಿರಬೇಕಾದ ಅಗತ್ಯವನ್ನು 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಕಂಡ ನಗರಕ್ಕೆ ನಾನು ವಿವರಿಸಬೇಕಿಲ್ಲ. ಹೊಸ ಸಸಿ ನೆಡುವುದಾದರೆ ಅಲಂಕಾರದ ತಾಳೆಗಿಂತ ರಾಜ್ಯದ ಹೂವೇ ಆಗಿರುವ ತಾಮ್ಹಣ್, ಅಂದರೆ ನಮ್ಮ ಹೊಳೆದಾಸವಾಳ, ಲೇಸು. ಬೇಸಿಗೆಯಲ್ಲಿ ಹೂವು ಕೊಟ್ಟು, ನಡೆಯುವವರಿಗೆ ನೆರಳನ್ನೂ ಕೊಡುತ್ತದೆ.

ಆಸನಗಳ ಬಗ್ಗೆ ಬರೆಯುವಾಗ ನನಗೆ ಒಬ್ಬ ಹಿರಿಯರು ನೆನಪಾಗುತ್ತಾರೆ. ಕುಂದಾಪುರದ ಕಡೆಯವರು, ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರು. ಮೊದಲ ಸಲ ಅವರನ್ನು ಉದ್ಯಾನಕ್ಕೆ ಕರೆದೊಯ್ದಾಗ ಅರ್ಧ ಸುತ್ತು ಚೆನ್ನಾಗಿಯೇ ನಡೆದರು. ದಣಿವಾಗಿ, ಯಾರದೋ ನೆನಪಿಗೆಂದು ಕೊಟ್ಟ ಕಲ್ಲಿನ ಬೆಂಚಿನ ಮುಂದೆ ನಿಂತರು, ಕೂರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಂಚಿನ ಎತ್ತರವನ್ನೊಮ್ಮೆ ಕಣ್ಣಳತೆಯಲ್ಲಿ ನೋಡಿ, “ಇಲ್ಲ್ ಕೂಕಂಡ್ರೆ ಏಳೂಕ್ ಆತಿಲ್ಲೆ ಮಗಾ” ಎಂದರು. ಅವರ ಅಂದಾಜು ಸರಿಯಾಗಿತ್ತು. ಆಸನ ತಗ್ಗಾದಷ್ಟೂ ಮೊಣಕಾಲು ಹೆಚ್ಚು ಮಡಚಬೇಕಾಗುತ್ತದೆ, ಏಳುವಾಗ ತೊಡೆಯ ಸ್ನಾಯುವಿಗೆ ಅಷ್ಟೂ ಹೆಚ್ಚು ಬಲ ಬೇಕಾಗುತ್ತದೆ. ಆ ಬೆಂಚಿಗೆ ಬೆನ್ನಾಸರೆ ಇರಲಿಲ್ಲ, ಊರಿ ಏಳಲು ಕೈಯಾಸರೆಯೂ ಇರಲಿಲ್ಲ. ಸುಮಾರು ನಲವತ್ತೈದು ಸೆಂಟಿಮೀಟರ್ ಎತ್ತರ, ಬೆನ್ನಿಗೊಂದು ಆಸರೆ, ಎರಡು ಬದಿಗೂ ಕೈ ಊರಲು ಗಟ್ಟಿಯಾದ ತೋಳು, ಇಷ್ಟಿರುವ ಬೆಂಚು ಮುದುಕರನ್ನು ತಾನಾಗಿ ಎಬ್ಬಿಸುತ್ತದೆ. ಇಂಥದ್ದು ಐವತ್ತು ಅರವತ್ತು ಹೆಜ್ಜೆಗೊಂದು ಇದ್ದರೆ, ಉಬ್ಬಸದವರೂ ಕಾಲಿನ ರಕ್ತನಾಳ ಕಟ್ಟಿಕೊಂಡು ನಡೆದಷ್ಟೂ ಮೀನಖಂಡ ಹಿಡಿಯುವವರೂ ಧೈರ್ಯವಾಗಿ ಸುತ್ತು ಹೊರಡುತ್ತಾರೆ. ಮುಂದೆ ಕುಳಿತುಕೊಳ್ಳಲು ಜಾಗವಿದೆಯೆಂಬ ಭರವಸೆಯೇ ಅವರನ್ನು ಮನೆಯಿಂದ ಹೊರಡಿಸುವುದು. ಹೊಸ ಬೆಂಚು ದಾನ ಮಾಡುವ ಕುಟುಂಬಗಳಿಗೆ ಕಚೇರಿಯೇ ಒಂದು ನಮೂನೆಯನ್ನು ಕೊಟ್ಟರೆ ಈ ಕೆಲಸಕ್ಕೆ ಸಾರ್ವಜನಿಕ ಹಣವೂ ಹೆಚ್ಚು ಬೇಕಾಗುವುದಿಲ್ಲ.

ಶೌಚಾಲಯಕ್ಕೆ ಹಾಕಿರುವ ಬೀಗ ತೆಗೆಸಬೇಕು, ಹಿಂದಿನ ಮೂಲೆಯ ದೀಪ ಉರಿಯುವಂತಾಗಬೇಕು. ಇವೆರಡಕ್ಕೆ ವಿವರಣೆ ಅನಗತ್ಯ.

ಮಧ್ಯಾಹ್ನ ಬಾಗಿಲು ಮುಚ್ಚುವ ಕ್ರಮದ ಬಗ್ಗೆ ಮಾತ್ರ ತುಸು ವಿವರವಾಗಿ ಹೇಳಬೇಕಾಗಿದೆ. ಉದ್ಯಾನವೆಂದರೆ ಬೆಳಗಿನ ಆರಕ್ಕೆ ಬೂಟು ಹಾಕಿ ಬರುವವರದ್ದೆಂಬ ಕಲ್ಪನೆ ನಮ್ಮಲ್ಲಿ ಬಲವಾಗಿದೆ. ಹೋಟೆಲು ಕೆಲಸಕ್ಕಿರುವ ನಮ್ಮ ಹುಡುಗರು ಆ ಹೊತ್ತಿಗೆ ಇಡ್ಲಿ ಪಾತ್ರೆಯ ಮುಂದೆ ನಿಂತಿರುತ್ತಾರೆ, ಸಂಜೆ ಮತ್ತೆ ತವೆಯ ಮುಂದೆ. ಊಟದ ಗದ್ದಲ ಇಳಿದ ಮೇಲೆ ಸಿಗುವ ಮಧ್ಯಾಹ್ನದ ಬಿಡುವೇ ಅವರ ಪಾಲಿನ ಹಗಲು. ದಿನವಿಡೀ ನಿಂತೇ ಇರುವವರ ಕಾಲಿನಲ್ಲಿ ರಕ್ತ ಕೆಳಗೆ ತಂಗಿ ಬಾವು ಬರುತ್ತದೆ. ನಿಂತ ಕಾಲಿಗೆ ನಡಿಗೆ ಔಷಧ, ಏಕೆಂದರೆ ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮನೆಕೆಲಸದ ಹೆಂಗಸರು, ವಿಜಯಪುರ ಕಲಬುರಗಿ ಯಾದಗಿರಿಗಳಿಂದ ಕಟ್ಟಡದ ಕೆಲಸಕ್ಕೆ ಬಂದಿರುವ ತಾಯಂದಿರು, ಊಟದ ನಂತರ ನಡೆಯಲೇಬೇಕಾದ ಸಕ್ಕರೆ ಕಾಯಿಲೆಯವರು, ಎಲ್ಲರಿಗೂ ಬೇಕಾದ ಹೊತ್ತಿಗೇ ಬಾಗಿಲಿಗೆ ಬೀಗ ಬೀಳುತ್ತದೆ. ಬೇಸಿಗೆಯಲ್ಲಿ ಬಡಾವಣೆಯ ತಂಪು ಇರುವುದೆಲ್ಲ ಆ ಬೀಗದ ಒಳಗೆ. ಮಾಲಿಗಳಿಗೆ ಊಟ ವಿಶ್ರಾಂತಿ ಬೇಕು, ಗಿಡಗಳಿಗೆ ನೀರು ಬಿಡಬೇಕು, ಮಲಗಲು ಬರುವವರಿಂದ ತೊಂದರೆಯಾಗುತ್ತದೆ ಎಂಬ ಕಾರಣಗಳನ್ನು ಕೇಳಿದ್ದೇನೆ. ಮೊದಲೆರಡು ನ್ಯಾಯವಾದವು, ವಾಚ್‌ಮನ್‌ಗಳ ಪಾಳಿಯನ್ನು ಸ್ವಲ್ಪ ಹಿಂದುಮುಂದು ಮಾಡಿದರೆ, ನೀರುಣಿಸುವಾಗ ಉದ್ಯಾನದ ಒಂದು ಭಾಗವನ್ನಷ್ಟೇ ಮುಚ್ಚಿದರೆ ಅವು ಬಗೆಹರಿಯುತ್ತವೆ. ಮೂರನೆಯದನ್ನು ನಾನು ಒಪ್ಪಲಾರೆ. ದಣಿದವನೊಬ್ಬ ಮರದ ನೆರಳಲ್ಲಿ ಅರ್ಧ ತಾಸು ಅಡ್ಡಾದರೆ ಉದ್ಯಾನಕ್ಕೆ ಯಾವ ಕುಂದೂ ಇಲ್ಲ.

ಉದ್ಯಾನವನ್ನು ಅಲಂಕಾರವೆಂದು ನೋಡುವ ಬದಲು ಆರೋಗ್ಯದ ಏರ್ಪಾಡೆಂದು ನೋಡಿ ಎಂದು ಕೇಳುವಾಗ ನಾನು ಹೊಸತೇನನ್ನೂ ಕೇಳುತ್ತಿಲ್ಲ. ಈ ನಗರ ಅದನ್ನು ನೂರು ವರ್ಷಕ್ಕೂ ಹಿಂದೆ ತಿಳಿದುಕೊಂಡಿತ್ತು. 1896ರಲ್ಲಿ ಪ್ಲೇಗು ಬಂದು ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತ ಮೇಲೆ, 1898ರಲ್ಲಿ ರಚನೆಯಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್ ಮಾಟುಂಗಾ ಕಡೆಗೆ ಅಗಲ ಬೀದಿಗಳನ್ನೂ ಬಯಲುಗಳನ್ನೂ ಉದ್ದೇಶಪೂರ್ವಕವಾಗಿ ಬಿಟ್ಟು ಬಡಾವಣೆಗಳನ್ನು ಕಟ್ಟಿತು. ಫೈವ್ ಗಾರ್ಡನ್ಸ್ ಎಂಬ, ಇಂದಿಗೂ ಜನ ನಡೆಯುವ ಜಾಗ ಆ ಯೋಜನೆಯದೇ ಫಲ. ಕನ್ನಡಿಗರ ಸಂಸ್ಥೆಯಾದ ಮೈಸೂರು ಅಸೋಸಿಯೇಶನ್ ಇರುವ ಆ ಮಾಟುಂಗಾದಲ್ಲಿ ಸಂಸಾರ ಹೂಡಿದ ನಮ್ಮ ಹಿಂದಿನ ತಲೆಮಾರಿನವರು ಆ ಗಾಳಿ ಬೆಳಕಿನ ಫಲಾನುಭವಿಗಳು. ಮುಲುಂಡ್, ದಹಿಸರ್‌ಗಳವರೆಗಿನ ಉಪನಗರಗಳು 1957ರ ಹೊತ್ತಿಗೆ ನಗರದೊಳಗೆ ಸೇರಿದವು. ಜನಸಂಖ್ಯೆ ಇತ್ತ ಹರಿದು ಬಂದಷ್ಟು ಬಯಲು ಇತ್ತ ಬರಲಿಲ್ಲ.

ಕಾನೂನಿನ ಬಲವೂ ನಾಗರಿಕರ ಕಡೆಗಿದೆ. ಸಂವಿಧಾನದ 74ನೇ ತಿದ್ದುಪಡಿ 1992ರಲ್ಲಿ ಸೇರಿಸಿದ ಹನ್ನೆರಡನೇ ಅನುಸೂಚಿ ಉದ್ಯಾನ, ಆಟದ ಬಯಲುಗಳ ಒದಗಣೆಯನ್ನು ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿ ಹೆಸರಿಸಿಯೇ ಇಟ್ಟಿದೆ. ಅದಕ್ಕೂ ಮೊದಲೇ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ, ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಿನ ಆ ಪ್ರಕರಣದಲ್ಲಿ ಹಂಚಿಕೆಯನ್ನು ಎತ್ತಿಹಿಡಿಯಲಿಲ್ಲ. ಆಸ್ಪತ್ರೆಯಂಥ ಒಳ್ಳೆಯ ಉದ್ದೇಶವೂ ಉದ್ಯಾನದ ಜಾಗವನ್ನು ತೆಗೆದುಕೊಳ್ಳಲಾಗದು, ಅದನ್ನು ಪ್ರಶ್ನಿಸುವ ಹಕ್ಕು ನೆರೆಯ ನಿವಾಸಿಗೆ ಇದೆ ಎಂಬ ಆ ತೀರ್ಪನ್ನು ಆಸ್ಪತ್ರೆಯಲ್ಲಿ ದುಡಿಯುವ ನಾನು ಪೂರ್ಣ ಮನಸ್ಸಿನಿಂದ ಗೌರವಿಸುತ್ತೇನೆ.

ಕನ್ನಡ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಆಟಿ ತಿಂಗಳ ಕೂಟಗಳು, ಯಕ್ಷಗಾನ, ನಾಟಕ, ವಿದ್ಯಾರ್ಥಿವೇತನದ ಸಭೆಗಳಿಗೆ ನಮ್ಮ ಸಂಘಗಳಲ್ಲಿ ಸಭಾಗೃಹ ತುಂಬುತ್ತದೆ. ಅಂಥ ಒಂದು ಕಾರ್ಯಕ್ರಮದ ಬಾಗಿಲಲ್ಲಿ ಒಂದು ಮೇಜು ಹಾಕಿ, ಈ ಮನವಿಯ ಮರಾಠಿ ಪ್ರತಿಯನ್ನಿಟ್ಟು, ಉದ್ಯಾನಕ್ಕೆ ಬರುವ ಹಿರಿಯರ ಸಹಿ ಪಡೆಯಲು ಅವಕಾಶ ಕೊಡಿ. ಸೊಸೈಟಿಗಳ ಕಾರ್ಯದರ್ಶಿಗಳಾಗಿರುವ ನಮ್ಮವರು ಸೊಸೈಟಿಯ ಪತ್ರದ ಮೇಲೆ ಎರಡು ಸಾಲು ಬರೆದು ಕೊಟ್ಟರೆ ಅದಕ್ಕೆ ಹೆಚ್ಚು ತೂಕ ಬರುತ್ತದೆ.

ಮಾನ್ಯ ಅಧಿಕಾರಿಗಳಲ್ಲಿ ಕೊನೆಯದಾಗಿ ಕೇಳುವುದು: ಟೆಂಡರಿನ ಷರತ್ತುಗಳು ಅಂತಿಮವಾಗುವ ಮೊದಲು ನಕ್ಷೆಯನ್ನು ಉದ್ಯಾನದಲ್ಲಿಯೇ ಎಲ್ಲರಿಗೂ ಕಾಣುವಂತೆ ತೂಗುಹಾಕಿ, ಸಲಹೆ ಬರೆದುಕೊಡಲು ಹದಿನೈದು ದಿನಗಳ ಅವಧಿ ಕೊಡಿ. ನಿಮ್ಮ ಎಂಜಿನಿಯರು ಅಳತೆಗೆ ಬರುವ ದಿನ ತಿಳಿಸಿದರೆ, ವಾಕರ್ ಹಿಡಿದು ನಡೆಯುವ ಒಬ್ಬರನ್ನೂ ಗಾಲಿಕುರ್ಚಿಯಲ್ಲಿ ಬರುವ ಒಬ್ಬರನ್ನೂ ಕರೆದುಕೊಂಡು ನಾನು ಬರುತ್ತೇನೆ; ಹಾದಿ ಎಲ್ಲಿ ಅವರನ್ನು ತಡೆಯುತ್ತದೆ, ಬೆಂಚು ಎಲ್ಲಿ ಬೇಕು ಎಂಬುದನ್ನು ಅವರೇ ನಡೆದು ತೋರಿಸುತ್ತಾರೆ, ಆಯಾ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿ ಕೊಡುತ್ತೇನೆ. ಈ ಕೆಲಸಕ್ಕೆ ನನಗೆ ಯಾವ ಸಂಭಾವನೆಯೂ ಬೇಡ.

ಇತಿ ತಮ್ಮ ವಿಶ್ವಾಸಿ,
ಪೂರ್ವ ಉಪನಗರದ ಒಬ್ಬ ಫಿಸಿಯೋಥೆರಪಿಸ್ಟ್
ಮುಂಬಯಿ